ಕೊಂಡಿಯ ದನಿ

ಆ ಮುದ್ರೆ ತನ್ನದಲ್ಲದೆಯೂ ಇರಬಹುದು ಎಂಬ ಯೋಚನೆ ಅವನಿಗೆ ಬಂದದ್ದು ಬೆಳಿಗ್ಗೆ ಬಚ್ಚಲಲ್ಲಿ, ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾಗ. ಬಂದ ಕೂಡಲೇ ಅದು ಎಷ್ಟು ಸಲೀಸಾಗಿ ಒಳಗೆ ಕೂತುಬಿಟ್ಟಿತೆಂದರೆ, ನಿನ್ನೆಯಿಂದ ಎದೆಯ ಮೇಲಿದ್ದ ಭಾರವೇ ಒಂದಿಷ್ಟು ಸರಿದು ಅದಕ್ಕೆ ಜಾಗ ಮಾಡಿಕೊಟ್ಟಂತಿತ್ತು. ನಿನ್ನೆ ಮಧ್ಯಾಹ್ನ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಒಬ್ಬ ಕಪ್ತಾನ ಬಂದರಿನ ಸರಪಳಿ ಪರೀಕ್ಷಾಶಾಲೆಗೆ ಬಂದು, ಗೋಣಿತಾಟಿನಲ್ಲಿ ಸುತ್ತಿದ್ದ ಲಂಗರು ಸರಪಳಿಯ ತುಂಡೊಂದನ್ನು ಇವನ ಮೇಜಿನ ಮೇಲಿಟ್ಟು ಎಡಗೈಯಿಂದಲೇ ಬಿಚ್ಚಿದ್ದ. ನಾಲ್ಕು ಕೊಂಡಿಗಳು. ನಾಲ್ಕನೆಯದು ಬೆಸುಗೆಯಲ್ಲಿ ಬಾಯಿ ಬಿಟ್ಟಿತ್ತು. ಒಡೆದ ಜಾಗದಲ್ಲಿ ಕಬ್ಬಿಣ ಹೊಳೆಯುವ ಬದಲು ಕಪ್ಪು ಕಿಟ್ಟ ನಾಲಿಗೆಯಂತೆ ಅಂಟಿಕೊಂಡಿತ್ತು. ಇನ್ನೊಂದು ತುದಿಯ ಕೊಂಡಿಯ ಮೇಲೆ ಪರೀಕ್ಷಾಶಾಲೆಯ ಗುರುತು, ಪಕ್ಕದಲ್ಲಿ ಪ್ರಮಾಣಪತ್ರದ ಸಂಖ್ಯೆ, ಅದರ ಪಕ್ಕದಲ್ಲಿ ಪರೀಕ್ಷಕನಾದ ಅವನ ಸ್ವಂತ ಗುರುತು, ಒಂದು ಸಣ್ಣ ತ್ರಿಕೋನ. ಕಪ್ತಾನ ಬೈಯುತ್ತಾನೆಂದು ಅವನು ಕಾದ. ಕಪ್ತಾನ ಬೈಯಲಿಲ್ಲ. "ಗಾಳಿ ಜೋರಾಗಿತ್ತು, ಲಂಗರು ಇದೆಯಲ್ಲ ಅಂತ ನಂಬಿದ್ವಿ," ಎಂದ. "ಬಂಡೆಗೆ ಹೋಗಿ ಬಡೀತು. ಮರದ ಹಡಗು ನೋಡಿ, ಪಕ್ಕೆಲುಬು ಮುರಿದ ಹಾಗೆ ಶಬ್ದ ಬಂತು. ನಮ್ಮ ಬಡಗಿ ಒಳಗಡೆ ಸಿಕ್ಕಿಹಾಕ್ಕೊಂಡ. ಮೂರು ದಿನ ಬದುಕಿದ್ದ." ಇಷ್ಟನ್ನೂ ಕಪ್ತಾನ ಅವನ ಬಲಗಡೆ ನಿಂತು ಹೇಳಿದ್ದರಿಂದ ಒಂದಕ್ಷರವೂ ತಪ್ಪಿಹೋಗಿರಲಿಲ್ಲ.

ಮುಖ ಒರೆಸಿಕೊಳ್ಳುತ್ತ ಅವನು ಮೊಳೆಗೆ ನೇತುಹಾಕಿದ್ದ ಬೀಗದಕೈಯನ್ನು ನೋಡಿದ. ಮುದ್ರೆಯ ಉಕ್ಕಿನ ಅಚ್ಚುಗಳಿರುವ ಪೆಟ್ಟಿಗೆಯ ಬೀಗದಕೈ. ಸ್ನಾನ ಮಾಡುವಾಗ ಅದು ಈ ಮೊಳೆಯ ಮೇಲಿರುತ್ತದೆ, ನಿದ್ದೆ ಮಾಡುವಾಗ ಅಂಗಿಯ ಜೇಬಿನಲ್ಲಿ. ಯಾರಾದರೂ ತೆಗೆದು ಒಂದು ಸೋಪಿನ ತುಂಡಿಗೆ ಒತ್ತಿ ಅಚ್ಚು ತೆಗೆದುಕೊಂಡರೆ ಮುಗಿಯಿತು, ನಕಲಿ ಬೀಗದಕೈ ಸಿದ್ಧ. ಸೋಪನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಅದರ ಮೇಲೆ ಅವನ ಬೆರಳಿನ ಗುರುತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆದರೂ ಅದನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ನುಣುಪು ಮಾಡಿಟ್ಟ. ಯಾಕೆ ಹಾಗೆ ಮಾಡಿದೆನೆಂದು ಆಮೇಲೆ ಅವನಿಗೇ ತಿಳಿಯಲಿಲ್ಲ.

ಹೆಂಡತಿ ತಿಂಡಿಯ ತಟ್ಟೆ ಇಟ್ಟು ಎದುರಿಗೆ ಕೂತಳು. ಎದುರಿಗೆಂದರೆ ಸರಿಯಾಗಿ ಎದುರಿಗಲ್ಲ, ಬಲಕ್ಕೆ ಸ್ವಲ್ಪ ಓರೆಯಾಗಿ, ಕಿಟಕಿಯ ಪಕ್ಕ. ಮೊದಲು ಅವಳ ಜಾಗ ಅವನ ಎಡಗಡೆ, ಒಲೆಯ ಹತ್ತಿರ. ಯಾವಾಗ ಈ ಕಡೆಗೆ ಬಂದಳೋ ನೆನಪಿಲ್ಲ, ಒಂದು ವರ್ಷವಾಗಿರಬೇಕು. ಕಿಟಕಿಯಿಂದ ಎದುರುಮನೆಯ ಬಾಗಿಲು ಕಾಣುತ್ತದೆ. ಯಾರನ್ನು ನೋಡಲಿಕ್ಕೆ ಇವಳಿಗೆ ಆ ಜಾಗ ಬೇಕಾಯಿತು ಎಂದು ಅವನು ಎಷ್ಟೋ ಬೆಳಿಗ್ಗೆ ಯೋಚಿಸಿದ್ದ. ಒಂದು ಸಲ ಅವಳು ಎದ್ದುಹೋದಮೇಲೆ ಅದೇ ಕುರ್ಚಿಯಲ್ಲಿ ಕೂತು ನೋಡಿದ್ದ. ಎದುರುಮನೆಯ ಮುದುಕಿ ಹೊಸ್ತಿಲಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಇಂದು ಹೆಂಡತಿ ಏನೋ ಹೇಳತೊಡಗಿದಳು, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ, ಎದ್ದು ಓಡುತ್ತ ಅತ್ತ ಮುಖ ಮಾಡಿಯೇ ಮಾತು ಮುಗಿಸಿದಳು. ಅವನಿಗೆ ಸಿಕ್ಕಿದ್ದು ಎರಡು ತುಣುಕು: ಕೊಕ್ಕರೆ ಬಂದಿದ್ದರು. ಹೇಳಿಬಿಡಿ.

"ಯಾವಾಗ ಬಂದಿದ್ದ?"

"ಹೇಳಿದ್ನಲ್ಲ, ಭಾನುವಾರ. ನೀವು ಕ್ಷೌರಕ್ಕೆ ಹೋಗಿದ್ರಿ."

"ಯಾಕೆ?"

ಅವಳು ಹಾಲಿನ ಪಾತ್ರೆ ಹಿಡಿದುಕೊಂಡೇ ಅವನನ್ನು ನೋಡಿದಳು. ಆ ನೋಟದಲ್ಲಿ ಕನಿಕರವಿತ್ತು, ಅವನಿಗೆ ಕಂಡದ್ದು ಕಳ್ಳತನ. "ಸಂಜೆ ಕೂತು ಮಾತಾಡೋಣ. ಇವತ್ತು ಬೇಡ, ಇವತ್ತು ನಿಮಗೆ ವಿಚಾರಣೆ ಬೇರೆ ಇದೆ," ಎಂದಳು. ವಿಚಾರಣೆ ಇದೆಯೆಂದು ಅವನು ಅವಳಿಗೆ ಹೇಳಿರಲಿಲ್ಲ. ಹಾಗಾದರೆ ಯಾರು ಹೇಳಿದರು? ಅಥವಾ ತಾನೇ ಹೇಳಿ ಮರೆತೆನೆ? ಅವನು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಭಾನುವಾರ ಬೀಗದಕೈ ಎಲ್ಲಿತ್ತು ಎಂದು ನೆನಪಿಸಿಕೊಳ್ಳುತ್ತ ಚಪ್ಪಲಿ ಮೆಟ್ಟಿದ. ಕ್ಷೌರಕ್ಕೆ ಹೋಗುವಾಗ ಹಳೆಯ ಅಂಗಿ ಹಾಕಿಕೊಂಡಿದ್ದ. ಬೀಗದಕೈ ಇದ್ದದ್ದು ಒಳ್ಳೆಯ ಅಂಗಿಯಲ್ಲಿ. ಸರಪಳಿ ಮುರಿದದ್ದು ಭಾನುವಾರಕ್ಕಿಂತ ಮುಂಚೆ ಎಂಬುದು ಅವನಿಗೆ ಬೀದಿಯ ತಿರುವಿನಲ್ಲಿ ಹೊಳೆಯಿತು. ಆದರೆ ಕೊಕ್ಕರೆ ಬಂದದ್ದು ಅದೊಂದೇ ಭಾನುವಾರವೆಂದು ಯಾರು ಹೇಳಬಲ್ಲರು?

ಕೊಕ್ಕರೆ ಎನ್ನುವುದು ಒತ್ತುಯಂತ್ರ ನಡೆಸುವವನಿಗೆ ಪರೀಕ್ಷಾಶಾಲೆಯಲ್ಲಿ ಬಿದ್ದ ಹೆಸರು. ಉದ್ದನೆಯ ಆಳು, ಉದ್ದನೆಯ ಕತ್ತು, ಕೆಲಸ ಮಾಡುವಾಗ ಆ ಕತ್ತನ್ನು ಮುಂದಕ್ಕೆ ಚಾಚಿ ಒಂದು ಪಕ್ಕಕ್ಕೆ ವಾಲಿಸಿ ನಿಲ್ಲುತ್ತಾನೆ, ಮೀನಿಗೆ ಕಾದಂತೆ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಸರಪಳಿಯ ಎರಡು ಪಕ್ಕಗಳಲ್ಲಿ ನಡೆದವರು. ಹಾಯಿಹಡಗಿನ ಲಂಗರು ಸರಪಳಿಯನ್ನು ಹದಿನೈದು ಮಾರಿನ ತುಂಡಾಗಿ ಉದ್ದನೆಯ ಕಬ್ಬಿಣದ ತೊಟ್ಟಿಯೊಳಗೆ ಮಲಗಿಸುತ್ತಾರೆ. ಒಂದು ತುದಿ ಗೋಡೆಗೆ, ಇನ್ನೊಂದು ತುದಿ ನೀರಿನ ಒತ್ತಡದಿಂದ ಎಳೆಯುವ ಒತ್ತುಯಂತ್ರಕ್ಕೆ. ಕೊಕ್ಕರೆ ಯಂತ್ರದ ಸನ್ನೆಕೋಲು ತಿರುಗಿಸುತ್ತಾನೆ. ಸರಪಳಿ ನರಳಿ, ತುಕ್ಕು ಉದುರಿಸಿ, ಸರಳಿನಂತೆ ನೆಟ್ಟಗಾಗುತ್ತದೆ. ನಿಯಮ ಹೇಳಿದಷ್ಟು ಭಾರ ತಡೆದರೆ ಸ್ವಲ್ಪ ಸಡಿಲಿಸಿ ಎರಡನೆಯ ಪರೀಕ್ಷೆ. ಪರೀಕ್ಷಕ ಒಂದೊಂದು ಕೊಂಡಿಯನ್ನೂ ಸಣ್ಣ ಸುತ್ತಿಗೆಯಿಂದ ಹೊಡೆದು ಕೇಳಬೇಕು. ಒಳ್ಳೆಯ ಬೆಸುಗೆ ಗಂಟೆಯಂತೆ ದನಿ ಕೊಡುತ್ತದೆ, ಒಳಗೆ ಕಿಟ್ಟ ಸೇರಿದ್ದು ಮರದ ಹಾಗೆ ಸಪ್ಪಗೆ. ಯಂತ್ರ ನಿಧಾನವಾಗಿ ಎಳೆಯುತ್ತದೆ, ಸಮುದ್ರ ಜಗ್ಗುತ್ತದೆ. ಯಂತ್ರಕ್ಕೆ ಸಿಗದೆ ಹೋದದ್ದು ಕಿವಿಗೆ ಸಿಕ್ಕಬೇಕು. ಪರೀಕ್ಷಾಶಾಲೆಯ ಒಳಗೆ ಯಾವಾಗಲೂ ಮಬ್ಬು. ಬೆಸುಗೆ ಕಾಣಲೆಂದು ಕೊಕ್ಕರೆ ಎದುರುಗಡೆ ದೀಪ ಹಿಡಿದು ಜೊತೆಜೊತೆಗೆ ಬರುತ್ತಾನೆ.

ಎಡಗಿವಿಯ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ನೆಗಡಿಯ ನಂತರ ಅದು ಮುಚ್ಚಿಕೊಂಡಿತು, ಹಿಂದಿನ ಕೋಣೆಯ ಬಾಗಿಲನ್ನು ಯಾರೋ ಎಳೆದುಕೊಂಡ ಹಾಗೆ. ಬಲಗಿವಿ ಚೆನ್ನಾಗಿದೆ ಎಂದು ಅವನು ಕೈಗಡಿಯಾರ ಹಿಡಿದು ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಮೊದಮೊದಲು ತೋಳುದ್ದ ದೂರದಲ್ಲಿ, ಆಮೇಲೆ ಮೊಳದಷ್ಟು. ಈಚೆಗೆ ಗಡಿಯಾರವನ್ನು ಕಿವಿಗೇ ಒತ್ತಿಕೊಳ್ಳುತ್ತಿದ್ದ, ಗಡಿಯಾರ ಹಳೆಯದಾಯಿತು ಎಂದುಕೊಳ್ಳುತ್ತಿದ್ದ. ಕೆಲಸಕ್ಕೆ ತೊಂದರೆಯಾಗಿರಲಿಲ್ಲ, ಅದೇ ಆಶ್ಚರ್ಯ. ಕೆಟ್ಟ ಕೊಂಡಿ ಬಂದಾಗ ಅವನಿಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿಕೊಳ್ಳಲು ಹೋಗಿರಲಿಲ್ಲ. ಅನುಭವ, ಕೈಯ ಬುದ್ಧಿ ಎಂದು ತನಗೆ ತಾನೇ ಹೆಸರು ಕೊಟ್ಟು, ಆ ಕಡೆ ಮತ್ತೆ ತಲೆ ಹಾಕಿರಲಿಲ್ಲ. ಆದರೆ ಆ ಎರಡು ವರ್ಷದಲ್ಲಿ ಜನ ಬದಲಾದರು. ಚಹಾದ ಅಂಗಡಿಯಲ್ಲಿ ಇವನು ಬಂದರೆ ದನಿ ತಗ್ಗಿಸುತ್ತಿದ್ದರು. ಬೆನ್ನಹಿಂದೆ ನಗುತ್ತಿದ್ದರು, ತಿರುಗಿದರೆ ಮುಖ ಗಂಭೀರ. ಒಮ್ಮೆ ಗುಮಾಸ್ತ ಮೂರು ಸಲ ಕರೆದು, ನಾಲ್ಕನೆಯ ಸಲ ಭುಜ ತಟ್ಟಿ, "ಎಲ್ಲಿದೀರಿ ಸ್ವಾಮಿ, ಕೂಗಿ ಕೂಗಿ ಗಂಟಲು ಹೋಯ್ತು," ಎಂದಾಗ ಸುತ್ತಲಿದ್ದವರೆಲ್ಲ ಕಾಗದಗಳಲ್ಲಿ ಮುಖ ಹುದುಗಿಸಿದ್ದರು. ಕೊಕ್ಕರೆಯೊಬ್ಬನೇ ನಗಲಿಲ್ಲ. ನಗದವನ ಮೇಲೆಯೇ ಅವನಿಗೆ ಹೆಚ್ಚು ಅನುಮಾನ ಬಂದದ್ದು. ಪರೀಕ್ಷಕನ ಕುರ್ಚಿ ಖಾಲಿಯಾದರೆ ಮುಂದಿನ ಸರದಿ ಯಾರದ್ದು?

ಪರೀಕ್ಷಾಶಾಲೆಗೆ ಹೋದವನೇ ದಾಖಲೆ ಪುಸ್ತಕ ತೆಗೆದ. ಮುರಿದ ಸರಪಳಿಯ ಸಂಖ್ಯೆ ಹತ್ತು ತಿಂಗಳ ಹಿಂದಿನದು. ಅವನದೇ ಅಕ್ಷರ, ಅವನದೇ ಸಹಿ. ಪಕ್ಕದ ಅಂಕಣದಲ್ಲಿ ಆ ದಿನ ಒತ್ತುಯಂತ್ರಕ್ಕೆ ಬದಲಿ ಆಳು ಎಂದಿತ್ತು. ಕೊಕ್ಕರೆ ರಜೆ. ರಜೆ ಹಾಕಿ ಎಲ್ಲಿದ್ದ? ಯಾವುದೋ ಕುಲುಮೆಯಲ್ಲಿ ಕಳ್ಳ ಅಚ್ಚು ಹಿಡಿದುಕೊಂಡು, ಪಾಸಾಗದ ಸರಪಳಿಗೆ ಇದೇ ಸಂಖ್ಯೆ ಹೊಡೆಯುತ್ತಿದ್ದನೆ? ನಿನ್ನೆಯ ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿದ. ತ್ರಿಕೋನದ ಒಂದು ಮೂಲೆ ಮೊಂಡಾಗಿತ್ತು. ತನ್ನ ಅಚ್ಚಿನ ಮೂಲೆಯೂ ಮೊಂಡಾಗಿರುವುದು ಅವನಿಗೆ ಗೊತ್ತಿತ್ತು, ಆದರೆ ಇಷ್ಟು ಮೊಂಡೆ? ಅವನು ಬಾಗಿಲು ಹಾಕಿಕೊಂಡು ಒಂದು ಕಾಗದ ಬರೆದ. ಬರೆಯುತ್ತ ಹೋದಂತೆ ಎಲ್ಲವೂ ಒಂದಕ್ಕೊಂದು ಜೋಡಿಕೊಂಡಿತು: ಬೀಗದಕೈ, ಭಾನುವಾರ, ರಜೆ, ಮೊಂಡು ಮೂಲೆ. "ಸದರಿ ವ್ಯಕ್ತಿ ನಾನಿಲ್ಲದಾಗ ನನ್ನ ಮನೆಗೆ ಬಂದುಹೋಗುತ್ತಿರುವುದು ತಿಳಿದುಬಂದಿದೆ," ಎಂಬ ವಾಕ್ಯವನ್ನು ಬರೆದು, ಓದಿ, ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದ. ಕಾಗದ ಮಡಿಸುವಾಗ ಗಾಜಿನಾಚೆ ಕೊಕ್ಕರೆ ದೀಪದ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಇವನನ್ನು ಕಂಡು ಕೈಯೆತ್ತಿದ. ಇವನೂ ಎತ್ತಿದ.

ಹನ್ನೊಂದು ಗಂಟೆಗೆ ತನಿಖಾಧಿಕಾರಿ ಬಂದರು, ಜೊತೆಗೆ ಕಪ್ತಾನ. ಅಧಿಕಾರಿ ಮೃದು ದನಿಯ ಸಣ್ಣ ಮನುಷ್ಯ. ಅವರ ತುಟಿ ನೋಡುತ್ತಲೇ ಇರಬೇಕಾಯಿತು. ಅವನು ಕಾಗದವನ್ನು ಅವರ ಕೈಗೆ ಕೊಟ್ಟ. ಅವರು ನಿಂತಲ್ಲೇ ಓದಿದರು, ಎರಡು ಸಲ ಓದಿದರು, ಜೇಬಿನಲ್ಲಿಟ್ಟುಕೊಂಡರು.

"ಇದನ್ನ ಆಮೇಲೆ ನೋಡೋಣ. ಮೊದಲು ಒಂದು ಸಣ್ಣ ಕೆಲಸ. ನಾನು ಒಂದು ಸರಪಳಿ ತಂದಿದೀನಿ, ನಲವತ್ತು ಕೊಂಡಿಯದ್ದು. ಅದರಲ್ಲಿ ಕೆಟ್ಟವು ಯಾವುವು ಅಂತ ನನಗೆ ಗೊತ್ತು. ನೀವು ದಿನಾ ಮಾಡೋ ಹಾಗೇ ಮಾಡಿ, ಗುರುತು ಹಾಕಿ. ಅಷ್ಟೆ."

ಸರಪಳಿಯನ್ನು ತೊಟ್ಟಿಯಲ್ಲಿ ಮಲಗಿಸಿದರು. ಕೊಕ್ಕರೆ ಯಂತ್ರ ಬಿಗಿಸಿ ಬಂದು, ಎದುರು ನಿಂತು, ದೀಪ ಎತ್ತಿ ಹಿಡಿದ. ಇವನು ಕೊಂಡಿಗಳನ್ನು ಸುತ್ತಿಗೆಯಿಂದ ಹೊಡೆಯಲು ಶುರುಮಾಡಿದ. ಒಂದು, ಎರಡು, ಮೂರು. ಸುತ್ತಿಗೆ ಬಿದ್ದದ್ದು ಮೊಣಕೈಯವರೆಗೆ ತಿಳಿಯುತ್ತಿತ್ತು; ದನಿ ಎಂಬುದು ಎಲ್ಲೋ ಗೋಡೆಯಾಚೆ ಯಾರೋ ಬಾಗಿಲು ತಟ್ಟಿದಂತೆ. ನಾಲ್ಕು, ಐದು. ದೀಪ ಕೊಂಡಿಯಿಂದ ಕೊಂಡಿಗೆ ಸರಿಯುತ್ತಿತ್ತು. ಮನೆಗೆ ಹೋದಮೇಲೆ ಹೆಂಡತಿಯನ್ನು ನೇರವಾಗಿ ಕೇಳಬೇಕು. ಹತ್ತು, ಹನ್ನೊಂದು. ಹನ್ನೊಂದನೆಯದನ್ನು ಹೊಡೆದು ಅವನು ಮುಂದಿನದಕ್ಕೆ ಕಾಲು ಕಿತ್ತಿಟ್ಟ. ಬೆಳಕು ಅಲ್ಲೇ ಉಳಿಯಿತು. ಅವನ ಕಾಲು ಹಿಂದಕ್ಕೆ ಬಂತು. ಕೈ ತಾನಾಗಿ ಜೇಬಿನ ಸೀಮೆಸುಣ್ಣಕ್ಕೆ ಹೋಯಿತು. ಹೋದ ಕೈಯನ್ನು ಅವನು ನೋಡಿದ, ಬೇರೆ ಯಾರದೋ ಕೈಯನ್ನು ನೋಡುವಂತೆ. ತನಗೆ ಏನು ಕೇಳಿಸಿತು? ಏನೂ ಕೇಳಿಸಿರಲಿಲ್ಲ. ಮತ್ತೊಮ್ಮೆ ಹೊಡೆದ. ಹತ್ತನೆಯದಕ್ಕೂ ಇದಕ್ಕೂ ಅವನಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಲೆಯೆತ್ತಿದ. ಕೊಕ್ಕರೆ ಅವನನ್ನು ನೋಡುತ್ತಿರಲಿಲ್ಲ. ಕತ್ತು ಚಾಚಿ, ಒಂದು ಪಕ್ಕಕ್ಕೆ ವಾಲಿಸಿ, ಕೊಂಡಿಯ ಕಡೆ ಕಿವಿಯಿಟ್ಟು ನಿಂತಿದ್ದ. ಮೀನಿಗೆ ಕಾಯುವ ಹಕ್ಕಿಯಲ್ಲ ಅದು, ಕೇಳಿಸಿಕೊಳ್ಳುವ ಮನುಷ್ಯ. ಇಬ್ಬರ ಪಾಲಿನದನ್ನೂ ಒಬ್ಬನೇ ಕೇಳಿಸಿಕೊಳ್ಳುತ್ತಿದ್ದ.

ಸೀಮೆಸುಣ್ಣದ ಗೆರೆ ಎಳೆದ. ಎಳೆಯದೆ ಇರಲು ಆಗಲಿಲ್ಲ. ಅಧಿಕಾರಿ ನೋಡುತ್ತಿದ್ದರು, ಕಪ್ತಾನ ನೋಡುತ್ತಿದ್ದ, ದೀಪ ನಿಂತಿತ್ತು. ಗೆರೆ ಬಿದ್ದದ್ದೇ ದೀಪ ಮುಂದೆ ಹೋಯಿತು. ಉಳಿದ ಕೊಂಡಿಗಳನ್ನು ಹೇಗೆ ಹೊಡೆದನೋ ಅವನಿಗೆ ತಿಳಿಯದು. ಎರಡು ವರ್ಷದ ಸಾವಿರಾರು ಕೊಂಡಿಗಳು ಒಂದರಹಿಂದೊಂದು ಕಣ್ಣಮುಂದೆ ಬಂದವು, ಎಲ್ಲದರ ಮೇಲೂ ಅದೇ ಹಳದಿ ಬೆಳಕು. ದೀಪದವನಿಗೆ ತಾನು ದಾರಿ ತೋರಿಸುತ್ತಿದ್ದೇನೆಂದು ನಡೆದಿದ್ದ. ಇದು ನಿಜಕ್ಕೂ ತನಗೆ ಗೊತ್ತಿರಲಿಲ್ಲವೆ? ಗೊತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳುವ ಧೈರ್ಯ ಬರಲಿಲ್ಲ. ಇಪ್ಪತ್ತಾರನೆಯದರಲ್ಲಿ ದೀಪ ಮತ್ತೆ ನಿಂತಿತು. ಅವನು ಗೆರೆ ಎಳೆದ.

"ಎರಡೇ," ಎಂದರು ಅಧಿಕಾರಿ, ಕೈಯಲ್ಲಿದ್ದ ಚೀಟಿ ನೋಡಿ. "ಹನ್ನೊಂದು, ಇಪ್ಪತ್ತಾರು. ಸರಿಯಾಗಿದೆ. ಇಷ್ಟು ಚೆನ್ನಾಗಿ ಹಿಡಿಯೋರನ್ನ ನಾನು ಕಡಿಮೆ ನೋಡಿದೀನಿ." ಆಮೇಲೆ ಜೇಬಿನಿಂದ ಕಾಗದ ತೆಗೆದು ಕೊಕ್ಕರೆಯ ಕಡೆ ತಿರುಗಿದರು. ಈಗ ಅವರ ತುಟಿ ಇವನಿಗೆ ಕಾಣಿಸುತ್ತಿರಲಿಲ್ಲ. ಕಂಡದ್ದು ಕೊಕ್ಕರೆಯ ಮುಖ ಮಾತ್ರ. ಆ ಮುಖ ಮೊದಲು ಅರ್ಥವಾಗದೆ ಸ್ವಲ್ಪ ನಕ್ಕಿತು. ಆಮೇಲೆ ನಗು ಹಾಗೇ ಉಳಿದು ಕಣ್ಣು ಬೇರೆಯಾದವು. ಅಧಿಕಾರಿ ಏನು ಹೇಳುತ್ತಿರಬಹುದೆಂದು ಊಹಿಸಲು ಕಷ್ಟವಿರಲಿಲ್ಲ. ಪರೀಕ್ಷಕನ ಕಿವಿ ಇಷ್ಟು ಚುರುಕಾಗಿದ್ದಮೇಲೆ ಆ ಕೊಂಡಿ ಇವರ ಕೈಯಿಂದ ಪಾಸಾಗಿರಲಾರದು. ಅಂದರೆ ಮುದ್ರೆ ಕಳ್ಳಮುದ್ರೆ. ಅಂದರೆ ನೀನು. ಕೊಕ್ಕರೆ ದೀಪವನ್ನು ನೆಲಕ್ಕಿಟ್ಟು ಇವನ ಬಲಗಡೆಗೆ ಬಂದು ನಿಂತ. "ಸಾರ್, ನಾನು ನಿಮ್ಮನೆಗೆ ಯಾಕೆ ಬಂದಿದ್ದೆ ಅಂತ ಕೇಳ್ತಿದಾರೆ. ಹೇಳ್ಲಾ?" ಎಂದ. ಬೇರೆಯವರಿಗೆ ಗದರಿಸಿದಂತೆ ಕೇಳಿರಬೇಕು, ಅಷ್ಟು ಗಟ್ಟಿಯಾಗಿ. ಹೇಳ್ಲಾ ಎಂದು ಅಪ್ಪಣೆ ಕೇಳುತ್ತಿದ್ದ.

ಸುಮ್ಮನಿದ್ದರೆ ಆಗುತ್ತಿತ್ತು. ಒಂದು ನಿಮಿಷ ಅವನು ಸುಮ್ಮನಿದ್ದ ಕೂಡ. ಆ ನಿಮಿಷದಲ್ಲಿ ಅವನು ಪೂರ್ತಿ ಸುರಕ್ಷಿತನಾಗಿದ್ದ. ಅದರ ರುಚಿ ನಾಲಿಗೆಯ ಮೇಲೆ ಬಂತು, ಕಬ್ಬಿಣದ ರುಚಿ. ಕೊಕ್ಕರೆಗೆ ಅವನನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದಾಗಿತ್ತು, ಆದರೂ ಕಾಯುತ್ತಿದ್ದ. ಆ ಕಾಯುವಿಕೆಯನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ದೀಪ ಕಪ್ತಾನರ ಕೈಗೆ ಕೊಡಿ," ಎಂದ. ತನ್ನ ದನಿ ಎಷ್ಟು ಎತ್ತರದಲ್ಲಿದೆಯೆಂದು ಅವನಿಗೆ ತಿಳಿಯಲಿಲ್ಲ. "ಗೆರೆ ಅಳಿಸಿ. ನಾನು ನೋಡದ ಹಾಗೆ ಸರಪಳಿ ಹಿಂದುಮುಂದು ಮಾಡಿ ಹಾಕಿ, ಯಾವ ಕೊಂಡಿ ಎಲ್ಲಿದೆ ಅಂತ ನನಗೆ ಗೊತ್ತಾಗಬಾರದು. ಇನ್ನೊಂದು ಸಲ ಮಾಡ್ತೀನಿ."

ಹಾಗೆಯೇ ಮಾಡಿದರು. ಕಪ್ತಾನ ಎಡಗೈಯಲ್ಲಿ ದೀಪ ಹಿಡಿದು ಅವನೊಡನೆ ಒಂದೇ ಸಮನೆ ನಡೆದ, ಎಲ್ಲಿಯೂ ನಿಲ್ಲದೆ. ಅವನು ನಿಜವಾಗಿ ಪ್ರಯತ್ನಪಟ್ಟ. ಬಲಗಿವಿಯನ್ನು ಕಬ್ಬಿಣದ ಹತ್ತಿರಕ್ಕೆ ಬಗ್ಗಿಸಿ, ಉಸಿರು ಹಿಡಿದು, ಮದುವೆಯಾದ ಹೊಸದರಲ್ಲಿ ಹೆಂಡತಿಯ ಹೆಜ್ಜೆಗೆ ಕಾಯುತ್ತಿದ್ದಷ್ಟು ಆಸೆಯಿಂದ ಕಾದ. ನಲವತ್ತು ಕೊಂಡಿಗಳೂ ಒಂದೇ ಮಾತು ಹೇಳಿದವು. ಕೊನೆಗೆ ಹದಿನೆಂಟನೆಯದಕ್ಕೆ ಒಂದು ಗೆರೆ ಎಳೆದ, ಬರಿಗೈಯಲ್ಲಿ ಮುಗಿಸಲು ನಾಚಿಕೆಯಾಗಿ. ಅದು ಒಳ್ಳೆಯ ಕೊಂಡಿಯಾಗಿತ್ತು.

ಅಧಿಕಾರಿ ಅವನ ಎದುರಿಗೆ ಬಂದು ನಿಂತು ನಿಧಾನವಾಗಿ ಕೇಳಿದರು, "ಎಷ್ಟು ದಿನದಿಂದ?"

"ಎರಡು ವರ್ಷ."

"ಇವರು ನಿಮಗೆ ಹೇಳಿಕೊಡ್ತಿದ್ರಾ?"

"ಇಲ್ಲ. ನಾನು ಕೇಳಿರಲೂ ಇಲ್ಲ, ಅವನು ಹೇಳಿರಲೂ ಇಲ್ಲ," ಎಂದ. ಆಮೇಲೆ, ಅಷ್ಟು ಸಾಲದೆನಿಸಿ, "ಆ ಕಾಗದದಲ್ಲಿ ಇರೋದು ಸುಳ್ಳು," ಎಂದ.

ಕೊಕ್ಕರೆ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದ. "ನನ್ನದೂ ತಪ್ಪೇ," ಎಂದು ಅಧಿಕಾರಿಗೆ ಹೇಳಿದ್ದನ್ನು ಇವನು ತುಟಿಯಲ್ಲಿ ಓದಿದ. "ವಾಸಿ ಆಗುತ್ತೆ ಅಂದ್ಕೊಂಡೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ. ಈ ಸರಪಳಿ ಮುರಿದ ಸುದ್ದಿ ಬಂದ ಮೇಲೆ ಇವರ ಮನೆಗೆ, ಅಮ್ಮನವರ ಹತ್ತಿರ ಹೋದೆ, ನೀವೇ ಇವರಿಗೆ ಹೇಳಿಬಿಡಿ ಅಂತ."

ದಾಖಲೆ ಪುಸ್ತಕದ ಮೇಲೆ ನಾಲ್ವರೂ ಬಗ್ಗಿದರು. ಯಾರೂ ಕೇಳಿಸಿಕೊಳ್ಳದೆ ಪಾಸಾದ ಸರಪಳಿಗಳನ್ನು ಹುಡುಕುವುದು ಸುಲಭವಾಗಿತ್ತು, ಅದೇ ಭಯಂಕರ. ಕೊಕ್ಕರೆ ರಜೆ ಹಾಕಿದ ದಿನಗಳನ್ನು ಹುಡುಕಿದರೆ ಸಾಕು. ತಾಯಿ ತೀರಿಕೊಂಡಾಗ ನಾಲ್ಕು ದಿನ. ಜ್ವರಕ್ಕೆ ಮೂರು. ಮಗಳ ಹೆರಿಗೆಗೆ ಎರಡು. ಒಬ್ಬ ಮನುಷ್ಯ ತನ್ನ ಮನೆಯ ಸಾವಿಗೂ ಹುಟ್ಟಿಗೂ ಹೋಗಿದ್ದ ಒಂಬತ್ತು ದಿನ. ಆ ದಿನಗಳಲ್ಲಿ ಪ್ರಮಾಣಪತ್ರ ಪಡೆದ ಸರಪಳಿಗಳು ಏಳು. ಒಂದು ಈಗ ಮೇಜಿನ ಮೇಲೆ ಮುರಿದು ಬಿದ್ದಿತ್ತು. ಐದನ್ನು ಹೊತ್ತ ಹಡಗುಗಳು ಎಲ್ಲೆಲ್ಲೋ ಇದ್ದವು. ಅಧಿಕಾರಿ ಆ ಬಂದರುಗಳಿಗೆಲ್ಲ ತಂತಿ ಕಳಿಸಲು ಹೆಸರು ಬರೆದುಕೊಂಡರು. ಏಳನೆಯ ಹಡಗಿನ ಹೆಸರು ನೋಡಿ ಕಪ್ತಾನ ಪುಟದ ಮೇಲೆ ಬೆರಳಿಟ್ಟ. "ಇದು ಇಲ್ಲೇ ಇದೆ. ಬೆಳಿಗ್ಗೆ ನೋಡಿದೆ. ನೀರಿನ ಇಳಿತ ಶುರುವಾದ್ರೆ ಹೊರಡುತ್ತೆ."

ಅವನು ಓಡಿದ. ಐವತ್ತರ ಮೇಲಿನ ಮನುಷ್ಯ ಬಂದರಿನ ಕಲ್ಲುಹಾಸಿನ ಮೇಲೆ, ಸೀಮೆಸುಣ್ಣದ ಕೈಯಲ್ಲೇ, ಹಗ್ಗದ ಸುರುಳಿಗಳನ್ನು ದಾಟಿ ಓಡಿದ. ಬೆನ್ನಹಿಂದೆ ಜನ ನಗುತ್ತಿರಬಹುದು, ತಿರುಗಿ ನೋಡಲಿಲ್ಲ. ಹಡಗು ಕಟ್ಟೆಯಿಂದ ಆಗಲೇ ಬಿಡಿಸಿಕೊಂಡು ಒಂದು ಹಾಯಿ ಅರ್ಧ ಏರಿಸಿ ನಿಂತಿತ್ತು. ಕಟ್ಟೆಯ ತುದಿಯಲ್ಲಿ ನಿಂತು, ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು, ಲಂಗರಿನ ಸರಪಳಿ ಕೆಟ್ಟಿರಬಹುದು, ಹೋಗಬೇಡಿ, ನಾನು ಪರೀಕ್ಷೆ ಮಾಡಿದ್ದು, ನಾನು ಸರಿಯಾಗಿ ಮಾಡಿಲ್ಲ ಎಂದು ಕೂಗಿದ. ಹಡಗಿನ ಮೇಲಿದ್ದ ಗಡ್ಡದವನೊಬ್ಬ ಕೈಬೀಸಿ ಏನೋ ಕೂಗಿದ. ಗಾಳಿ, ನೀರು, ಬಾಯಿಯ ಚಲನೆ, ಮಾತಿಲ್ಲ. ಇನ್ನೊಮ್ಮೆ ಕೂಗಿದ. ಅಷ್ಟರಲ್ಲಿ ಕೊಕ್ಕರೆ ಏದುಸಿರು ಬಿಡುತ್ತ ಬಂದು ಬಲಗಡೆ ನಿಂತ.

"ಏನಂತಾನೆ?"

"ನೀನ್ಯಾರು ಅಂತಾನೆ."

"ಪರೀಕ್ಷಕ ಅನ್ನು. ಜೋರಾಗಿ ಹೇಳು."

ಕೊಕ್ಕರೆ ಹೇಳಿದ. ಗಡ್ಡದವನು ಹಿಂದಕ್ಕೆ ತಿರುಗಿ ಕೈ ಮಾಡಿದ, ಏರಿದ್ದ ಹಾಯಿ ಜರ್ರನೆ ಕೆಳಗಿಳಿಯಿತು. ಒಂದು ಸಣ್ಣ ದೋಣಿಯನ್ನು ನೀರಿಗಿಳಿಸಿ ಅದರಲ್ಲಿ ಕೂತು, ಕಟ್ಟೆಯ ಕಡೆ ಬರುತ್ತ ಬರುತ್ತಲೇ ಮುಷ್ಟಿ ಎತ್ತಿ ಏನೇನೋ ಅನ್ನತೊಡಗಿದ.

"ಈಗೇನಂತಾನೆ?"

"ಬೈತಿದಾನೆ. ಬಿಡಿ ಸಾರ್."

"ಹೇಳು."

"ಬೇಡ."

"ಎಲ್ಲಾ ಹೇಳು. ನನಗೆ ಬೈತಿರೋದಲ್ವಾ, ನನಗೆ ಕೇಳಿಸಬೇಕು."

ಕೊಕ್ಕರೆ ಉದ್ದನೆಯ ಕತ್ತನ್ನು ಬಗ್ಗಿಸಿ, ಅವನ ಬಲಗಿವಿಗೆ ಬಾಯಿ ಹತ್ತಿರ ತಂದು ಒಂದೊಂದಾಗಿ ಹೇಳತೊಡಗಿದ. ಕುರುಡ ಎಂದ, ಕಟುಕ ಎಂದ, ಹೆಂಡತಿ ಮಕ್ಕಳಿರುವ ಹನ್ನೆರಡು ಜನರನ್ನು ಕೊಲ್ಲಲು ಹೊರಟವನು ಎಂದ. ಹುಟ್ಟಿಸಿದವರ ವಿಷಯವನ್ನೂ ಬಿಡಲಿಲ್ಲ. ಅವನು ಕಟ್ಟೆಯ ಅಂಚಿನಲ್ಲಿ ನೆಟ್ಟಗೆ ನಿಂತು ಒಂದೊಂದನ್ನೂ ಕೇಳಿಸಿಕೊಂಡ. ದೋಣಿ ಹತ್ತಿರವಾಗುತ್ತಿತ್ತು, ಕೊಕ್ಕರೆಯ ದನಿ ಗಟ್ಟಿಯಾಗುತ್ತಿತ್ತು. ಹೇಳುವುದರಲ್ಲಿ ಅವನಿಗೆ ಒಂದು ಲಯ ಸಿಕ್ಕಂತಿತ್ತು. ದೋಣಿಯವನು ಉಸಿರು ತೆಗೆದುಕೊಳ್ಳಲು ಬಾಯಿ ಮುಚ್ಚಿದಾಗಲೂ ಕಿವಿಯಲ್ಲಿ ಬೈಗುಳ ನಿಲ್ಲಲಿಲ್ಲ. ಅದರಲ್ಲಿ ಕೆಲವು ಕೊಕ್ಕರೆಯವೇ ಇರಬಹುದು ಎಂದು ಅವನಿಗೆ ಅನುಮಾನ ಬಂತು. ಇದ್ದರೆ ಇರಲಿ ಎಂದುಕೊಂಡು, ಕಿವಿಯನ್ನು ಇನ್ನಷ್ಟು ಹತ್ತಿರ ಒಡ್ಡಿದ.